ವಾಸಿಯಾದ ಮೇಲೂ ಮರಳುವ ತುರಿಕೆ: ನಾಯಿಯ ಚರ್ಮದ ತೊಂದರೆಯ ಮೂಲ ಹುಡುಕುವ ಕ್ರಮ

ನಾಯಿ ಕೆರೆದುಕೊಳ್ಳಲು ಶುರುಮಾಡುತ್ತದೆ. ವೈದ್ಯರು ಒಂದು ಚುಚ್ಚುಮದ್ದು ಕೊಟ್ಟು ಹತ್ತು ದಿನದ ಮಾತ್ರೆ ಬರೆದುಕೊಡುತ್ತಾರೆ. ಚರ್ಮ ತಿಳಿಯಾಗಿ ಬೋಳಾದ ಜಾಗದಲ್ಲಿ ತುಪ್ಪಳ ಮೂಡತೊಡಗುತ್ತದೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಹೊಟ್ಟೆಯಡಿ ಅದೇ ಕೆಂಪು, ಅದೇ ಕೀವುಗುಳ್ಳೆ, ನಡುರಾತ್ರಿಯಲ್ಲಿ ಪಾದ ನೆಕ್ಕುವ ಅದೇ ಚಪಚಪ ಸದ್ದು. ಹೀಗೆ ಎರಡು ಮೂರು ಸುತ್ತು ಆದ ಮೇಲೆ ಸಾಕಿದವರ ಸಂಶಯ ನೇರವಾಗಿ ಊಟದ ಬಟ್ಟಲಿನ ಮೇಲೆ ಬೀಳುತ್ತದೆ, ಆಹಾರ ಬದಲಾಯಿಸುವ ಸರದಿ ಆರಂಭವಾಗುತ್ತದೆ: ಎರಡು ವಾರ ಒಂದು, ಮೂರು ವಾರ ಇನ್ನೊಂದು. ಆಹಾರದ ಪರೀಕ್ಷೆ ಬೆಲೆಯುಳ್ಳದ್ದೇ ಹೌದು, ಆದರೆ ಅದು ಮೂರನೆಯ ಹೆಜ್ಜೆ. ಮೊದಲಿನ ಎರಡು ಹೆಜ್ಜೆಗಳನ್ನು ಹಾರಿ ಅಲ್ಲಿಗೆ ಹೋದರೆ ಬರುವ ಉತ್ತರವನ್ನು, ಅದು ಹೌದೆಂದಿರಲಿ ಅಲ್ಲವೆಂದಿರಲಿ, ನಂಬುವಂತಿಲ್ಲ.

ಮರಳಿ ಬರುತ್ತಿರುವುದು ಯಾವುದು?

ಕಣ್ಣಿಗೆ ಕಾಣುವ ಗುಳ್ಳೆ, ಹಕ್ಕಳೆ, ಜಿಡ್ಡು, ವಾಸನೆ ಇವೆಲ್ಲ ಬಹುಪಾಲು ನಾಯಿಗಳಲ್ಲಿ ಮೂಲ ದೋಷವಲ್ಲ, ಅದರ ಮೇಲೆ ಬಂದು ಕುಳಿತ ಸೋಂಕು. ಕೀವುಗುಳ್ಳೆಗೆ ಕಾರಣವಾಗುವ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾವೂ, ಮುಗ್ಗಲು ವಾಸನೆಗೆ ಕಾರಣವಾಗುವ ಮಲಸೀಜಿಯಾ ಎಂಬ ಯೀಸ್ಟ್ ಕೂಡ ಆರೋಗ್ಯವಂತ ನಾಯಿಯ ಮೈಮೇಲೆ ಸದಾ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಅಲರ್ಜಿಯಿಂದಲೋ, ಪರೋಪಜೀವಿಗಳಿಂದಲೋ, ಹಾರ್ಮೋನಿನ ಏರುಪೇರಿನಿಂದಲೋ ಚರ್ಮದ ತಡೆಗೋಡೆ ಸಡಿಲವಾದಾಗ ಅವು ಮಿತಿಮೀರಿ ಬೆಳೆಯುತ್ತವೆ. ಆಂಟಿಬಯಾಟಿಕ್ ಅವುಗಳ ಸಂಖ್ಯೆಯನ್ನು ಇಳಿಸುತ್ತದೆಯೇ ಹೊರತು ಗೋಡೆಯ ಬಿರುಕನ್ನು ಮುಚ್ಚುವುದಿಲ್ಲ. ಮೂಲ ಹುಡುಕದೆ ಪ್ರತಿ ಸಲವೂ ಅದೇ ಔಷಧವನ್ನು ಮರಳಿ ಕೊಡುತ್ತ ಹೋದರೆ ಕೊನೆಗೆ ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದುಕೊಳ್ಳುತ್ತದೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮೊದಲು ಬಂದದ್ದು ತುರಿಕೆಯೋ, ಗುಳ್ಳೆಯೋ? ಚರ್ಮ ನೋಡಲು ಚೆನ್ನಾಗಿಯೇ ಇದ್ದು ನಾಯಿ ಕೆರೆದುಕೊಳ್ಳಲು ಆರಂಭಿಸಿ, ಕೆಲವು ದಿನಗಳ ನಂತರ ಗುಳ್ಳೆ ಕಾಣಿಸಿಕೊಂಡಿದ್ದರೆ ಸಂಶಯ ಅಲರ್ಜಿಯ ಅಥವಾ ಪರೋಪಜೀವಿಯ ಕಡೆಗೆ ಹೋಗಬೇಕು. ಗುಳ್ಳೆ ಮತ್ತು ಬೋಳು ಮೊದಲು ಬಂದು, ತುರಿಕೆ ಆಮೇಲೆ ಸೇರಿಕೊಂಡಿದ್ದರೆ ದಾರಿ ಬೇರೆ. ಇದಕ್ಕೆ ಜೊತೆಯಾದ ಎರಡನೆಯ ಪ್ರಶ್ನೆ ಇನ್ನೂ ಹರಿತವಾದದ್ದು: ಔಷಧದಿಂದ ಗುಳ್ಳೆಗಳು ಪೂರ್ತಿ ಮಾಯವಾದ ದಿನಗಳಲ್ಲಿ ತುರಿಕೆಯೂ ಮಾಯವಾಗಿತ್ತೇ? ಸೋಂಕು ಹೋದ ಮೇಲೂ ತುರಿಕೆ ಉಳಿದಿದ್ದರೆ ಒಳಗೆ ತುರಿಕೆಯದೇ ಆದ ಕಾರಣವೊಂದಿದೆ. ಸೋಂಕಿನ ಜೊತೆಗೇ ತುರಿಕೆಯೂ ಸಂಪೂರ್ಣ ಹೋಗಿ, ಸೋಂಕಿನ ಜೊತೆಗೇ ಮರಳುತ್ತಿದ್ದರೆ ಥೈರಾಯ್ಡ್ ಮುಂತಾದ, ತಾವಾಗಿ ತುರಿಕೆ ತಾರದ ಕಾಯಿಲೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಆ ಅವಧಿಯಲ್ಲಿ ಸ್ಟೀರಾಯ್ಡ್ ಕೂಡ ಕೊಟ್ಟಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗದು, ಏಕೆಂದರೆ ಅದು ಯಾವ ಕಾರಣದ ತುರಿಕೆಯನ್ನೂ ಒಂದಿಷ್ಟು ಮುಚ್ಚಿಹಾಕುತ್ತದೆ. ಚುಚ್ಚುಮದ್ದು ಯಾವುದೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೆ ಅಗತ್ಯ.

ಬರೆದಿಡುವುದೆಂದರೆ ದೊಡ್ಡ ಕೆಲಸವೇನಲ್ಲ. ದಿನಕ್ಕೊಂದು ಸಾಲು ಸಾಕು: ದಿನಾಂಕ, 0ಯಿಂದ 10ರವರೆಗಿನ ತುರಿಕೆಯ ಅಂಕ, ತಿಂದದ್ದು, ಕೊಟ್ಟ ಔಷಧ. ತುರಿಕೆ ಎಂದರೆ ಕಾಲಿನಿಂದ ಕೆರೆಯುವುದಷ್ಟೇ ಅಲ್ಲ. ನೆಕ್ಕುವುದು, ಕಚ್ಚಿಕೊಳ್ಳುವುದು, ಗೋಡೆಗೆ ಮೈ ಉಜ್ಜುವುದು, ನೆಲಕ್ಕೆ ಮೂತಿ ತಿಕ್ಕುವುದು, ಪದೇ ಪದೇ ತಲೆ ಕೊಡವುವುದು ಎಲ್ಲವೂ ಸೇರಿ ಒಂದು ಅಂಕ. ಊಟ, ಆಟ, ನಿದ್ದೆಯನ್ನೂ ಬಿಟ್ಟು ಕೆರೆಯುತ್ತಿದ್ದರೆ 10. ದಿನಕ್ಕೆ ಎಲ್ಲೋ ಒಮ್ಮೆ ಕಿವಿ ಕೆರೆದರೆ ಅದು ಯಾವ ನಾಯಿಯೂ ಮಾಡುವ ಕೆಲಸ, ಹೆಚ್ಚೆಂದರೆ 1. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಅದೇ ಜಾಗಗಳ ಚಿತ್ರ ತೆಗೆದಿಡಬೇಕು. ನೆನಪು ಇಂಥ ವಿಷಯದಲ್ಲಿ ಬಹಳ ಸುಳ್ಳು ಹೇಳುತ್ತದೆ.

ಜಾಗವೂ ಅರ್ಧ ಉತ್ತರ ಕೊಡುತ್ತದೆ. ಸೊಂಟದ ಹಿಂಭಾಗ, ಬಾಲದ ಬುಡ ಮತ್ತು ತೊಡೆಯ ಹಿಂಬದಿಯಲ್ಲಿ ಕೇಂದ್ರೀಕೃತವಾದ ತುರಿಕೆ ಚಿಗಟದ ಅಲರ್ಜಿಯ ಗುರುತು. ಕಿವಿಯಂಚು, ಮೊಣಕೈ ಮತ್ತು ಹಿಂಗಾಲಿನ ಗಿಣ್ಣಿನಲ್ಲಿ ಹಕ್ಕಳೆಗಟ್ಟಿದ್ದರೆ ಕಜ್ಜಿಯ ನುಸಿ. ಪಾದದ ಬೆರಳಸಂದು, ಕಂಕುಳು, ಹೊಟ್ಟೆ, ಕಿವಿಯ ಒಳಮೈ, ಕಣ್ಣು ಬಾಯಿಗಳ ಸುತ್ತ ಇದ್ದರೆ ಆಹಾರದ ಅಥವಾ ಪರಿಸರದ ಅಲರ್ಜಿ. ಈ ಎರಡನ್ನು ಬರಿಗಣ್ಣಿನಿಂದ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಕಿವಿ ಸೋರುವ ನಾಯಿಯ ಕಿವಿಯನ್ನು ಪ್ರತ್ಯೇಕ ಕಾಯಿಲೆಯೆಂದು ನೋಡುವುದು ತಪ್ಪು. ಅದೂ ಚರ್ಮವೇ, ಅಲ್ಲಿರುವುದೂ ಹೆಚ್ಚಾಗಿ ಇದೇ ದೋಷ.

ಮೊದಲ ಹೆಜ್ಜೆ: ಮೈಮೇಲಿನ ಜೀವಿಗಳು

“ನಮ್ಮ ನಾಯಿಗೆ ಚಿಗಟವಿಲ್ಲ, ನಾನು ನೋಡಿದ್ದೇನೆ” ಎಂಬ ಮಾತಿಗೆ ರೋಗನಿರ್ಣಯದಲ್ಲಿ ಬೆಲೆಯಿಲ್ಲ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು, ಮತ್ತು ತುರಿಕೆಯಿಂದ ಸದಾ ಮೈ ಕಚ್ಚಿಕೊಳ್ಳುವ ನಾಯಿ ಸಾಕ್ಷ್ಯವನ್ನು ತಾನೇ ನುಂಗಿಬಿಟ್ಟಿರುತ್ತದೆ. ಹುಡುಕಬೇಕಾದದ್ದು ಚಿಗಟವನ್ನಲ್ಲ, ಅದರ ಹಿಕ್ಕೆಯನ್ನು. ಒಂದು ಬಿಳಿ ಕಾಗದವನ್ನು ಒದ್ದೆ ಮಾಡಿ ನಾಯಿಯ ಪಕ್ಕದಲ್ಲಿ ಹಾಸಿ, ಹಲ್ಲು ಬಹಳ ಒತ್ತಾಗಿರುವ ಚಿಗಟದ ಬಾಚಣಿಗೆಯಿಂದ ಬಾಲದ ಬುಡದ ತುಪ್ಪಳವನ್ನು ಚರ್ಮಕ್ಕೆ ತಾಗುವಂತೆ ಬಾಚಿ, ಬಂದ ಕಸವನ್ನು ಅದರ ಮೇಲೆ ಕೊಡವಬೇಕು. ಮಣ್ಣಿನ ಕಣವಾದರೆ ಕಂದು ಚುಕ್ಕಿಯಾಗಿಯೇ ಉಳಿಯುತ್ತದೆ. ಹಿಕ್ಕೆಯಾದರೆ ಒಂದೆರಡು ನಿಮಿಷದಲ್ಲಿ ಕಪ್ಪು ಚುಕ್ಕಿಯ ಸುತ್ತ ತುಕ್ಕಿನ ಬಣ್ಣದ ಕೆಂಪು ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಏನೂ ಸಿಗದಿದ್ದರೂ ಚಿಗಟವಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಹಾಗಾಗಿ ಇಲ್ಲಿ ಚಿಕಿತ್ಸೆಯೇ ಪರೀಕ್ಷೆ. ಬಲಿತ ಚಿಗಟಗಳು ಒಟ್ಟು ಸಂತತಿಯ ಸುಮಾರು 5 ಶೇಕಡ ಮಾತ್ರ. ಉಳಿದ ಮೊಟ್ಟೆ, ಮರಿಹುಳು, ಗೂಡುಗಳು ಹಾಸಿಗೆಯಲ್ಲಿ, ನೆಲದ ಸಂದಿನಲ್ಲಿ, ನಾಯಿ ಮಲಗುವ ಮೂಲೆಯಲ್ಲಿರುತ್ತವೆ, ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಒಮ್ಮೆ ಔಷಧ ಹಚ್ಚಿ ಫಲ ಕಾಣಲಿಲ್ಲವೆಂದು ಕೈಬಿಡುವವರು ಸೋಲುವುದು ಇಲ್ಲಿಯೇ. ವೈದ್ಯರು ಹೇಳಿದ ಔಷಧವನ್ನು ಕನಿಷ್ಠ 3 ತಿಂಗಳು, ತಪ್ಪದ ಅಂತರದಲ್ಲಿ, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವುಗಳಿಗೆ ಸಲ್ಲುವಂಥದನ್ನೇ ಬಳಸಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯುತ್ತಿರಬೇಕು. ನಾಯಿಗೆಂದು ಮಾಡಿದ ಪರ್ಮೆಥ್ರಿನ್ ಇರುವ ಹನಿಮದ್ದು ಬೆಕ್ಕಿಗೆ ಪ್ರಾಣಾಪಾಯಕಾರಿ, ಹಾಗಾಗಿ ಬೆಕ್ಕಿರುವ ಮನೆಯಲ್ಲಿ ಲೇಬಲ್ ಓದದೆ ಕೈ ಹಾಕಬಾರದು. ಐಸಾಕ್ಸಜೋಲಿನ್ ಗುಂಪಿನ ಮಾತ್ರೆಗಳು ಚಿಗಟ, ಉಣ್ಣೆ, ನುಸಿ ಎಲ್ಲವನ್ನೂ ಒಟ್ಟಿಗೇ ತೆಗೆಯುವುದರಿಂದ ಈ ಹಂತಕ್ಕೆ ಬಹಳ ಅನುಕೂಲ, ಆದರೆ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕಜ್ಜಿಯ ನುಸಿ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಅನೇಕ ಸಲ ಸಿಗುವುದಿಲ್ಲ. ಕಿವಿಯಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ಅದೇ ಬದಿಯ ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ, ಅಥವಾ ಮನೆಯವರ ತೋಳು ಹೊಟ್ಟೆಗಳ ಮೇಲೂ ತುರಿಸುವ ಚುಕ್ಕಿಗಳೆದ್ದಿದ್ದರೆ, ವರದಿ ಏನೇ ಹೇಳಲಿ, ಚಿಕಿತ್ಸೆ ಕೊಟ್ಟು ನೋಡುವುದು ಸರಿ. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಹೆಚ್ಚಾಗಿ ಮರಿಗಳಲ್ಲಿ ತುರಿಕೆ ಕಡಿಮೆ ಇರುವ ಬೋಳು ತೇಪೆಗಳನ್ನು ಮಾಡುತ್ತದೆ, ಆಳವಾಗಿ ಕೆರೆದರೆ ಸುಲಭವಾಗಿ ಕಾಣುತ್ತದೆ. ಹುಳುಕಡ್ಡಿ ಶಿಲೀಂಧ್ರದ ಸೋಂಕು, ಮನುಷ್ಯರಿಗೂ ಅಂಟುತ್ತದೆ. ಅದರ ಪರೀಕ್ಷೆ ಬೇರೆ.

ಎರಡನೆಯ ಹೆಜ್ಜೆ: ಸೋಂಕನ್ನು ಪೂರ್ತಿ ಇಳಿಸುವುದು

ವೈದ್ಯರಲ್ಲಿ ಕೇಳಿ ಮಾಡಿಸಬೇಕಾದ ಪರೀಕ್ಷೆ ಒಂದೇ, ಅದೂ ಸರಳವಾದದ್ದು: ಗಾಯದ ಮೇಲೆ ಅಂಟುಪಟ್ಟಿ ಅಥವಾ ಗಾಜಿನ ಸ್ಲೈಡ್ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುವುದು. ಅಲ್ಲಿರುವುದು ದುಂಡು ಬ್ಯಾಕ್ಟೀರಿಯಾವೋ, ಕಡಲೆಕಾಯಿಯ ಆಕಾರದ ಯೀಸ್ಟೋ, ಎರಡೂ ಸೇರಿವೆಯೋ ಎಂಬುದು ಆ ಭೇಟಿಯಲ್ಲೇ ತಿಳಿಯುತ್ತದೆ. ಯೀಸ್ಟ್ ಇರುವಾಗ ಆಂಟಿಬಯಾಟಿಕ್ ಮಾತ್ರ ಕೊಟ್ಟರೆ ಉಪಯೋಗವಿಲ್ಲ. ಸರಿಯಾದ ಔಷಧಕ್ಕೂ ಸೋಂಕು ಬಗ್ಗದಿದ್ದರೆ ಮತ್ತೊಂದು ಔಷಧವನ್ನು ಅಂದಾಜಿನಲ್ಲಿ ಬರೆಸಿಕೊಳ್ಳದೆ ಕೀವಿನ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ, ಮಾಡಿಸಬೇಕು.

ಮೇಲ್ಮೈಯ ಸೋಂಕಿಗೆ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂವಿನ ಸ್ನಾನ ಎಷ್ಟೋ ಸಲ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 2ರಿಂದ 4 ಶೇಕಡ ಸಾಂದ್ರತೆಯದು ಬಳಕೆಯಲ್ಲಿದೆ. ಸ್ನಾನ ವ್ಯರ್ಥವಾಗುವುದು ಅವಸರದಿಂದ. ನೊರೆ ಮೈಮೇಲೆ 10 ನಿಮಿಷ ಇರಲೇಬೇಕು, ಮತ್ತು 10 ನಿಮಿಷವನ್ನು ಗಡಿಯಾರ ನೋಡಿ ಎಣಿಸಬೇಕು, ಏಕೆಂದರೆ ಒದ್ದೆ ನಾಯಿಯನ್ನು ಹಿಡಿದು ನಿಂತವರಿಗೆ 3 ನಿಮಿಷವೇ ಕಾಲು ಗಂಟೆಯೆನಿಸುತ್ತದೆ. ಹೆಚ್ಚು ಗಾಯವಿರುವ ಜಾಗಕ್ಕೆ ಮೊದಲು ಹಚ್ಚಿ, ಉಳಿದ ಮೈಗೆ ಆಮೇಲೆ ಹಚ್ಚಿದರೆ ಅಲ್ಲಿಗೆ ಹೆಚ್ಚು ಸಮಯ ಸಿಗುತ್ತದೆ. ಕಣ್ಣಿಗೆ ತಾಗಬಾರದು. ತೊಳೆದ ಮೇಲೆ ಬೆರಳಸಂದು, ಕಂಕುಳು, ಮೂತಿಯ ಮಡಿಕೆಗಳನ್ನು ಒಣಗಿಸದೆ ಬಿಟ್ಟರೆ ಯೀಸ್ಟ್‌ಗೆ ನಾವೇ ನೀರೆರೆದಂತೆ. ಮನುಷ್ಯರ ಶಾಂಪೂ ಬೇಡ. ನಾಯಿಯ ಚರ್ಮದ ಪಿಎಚ್ ನಮ್ಮದಕ್ಕಿಂತ ಹೆಚ್ಚು, ತಟಸ್ಥದ ಹತ್ತಿರದ್ದು, ಮತ್ತು ಹೊರಪದರ ತೆಳು. ಟೀ ಟ್ರೀ ಎಣ್ಣೆ ನಾಯಿಗೆ ವಿಷ, ಸತುವಿನ ಆಕ್ಸೈಡ್ ಇರುವ ಮುಲಾಮನ್ನು ನೆಕ್ಕಿದರೂ ಅಪಾಯ. ನೈಸರ್ಗಿಕವೆಂಬ ಹೆಸರು ಸುರಕ್ಷತೆಯ ಪ್ರಮಾಣಪತ್ರವಲ್ಲ.

ಗುಳ್ಳೆಗಳು ಹೋದ ದಿನವೇ ಮಾತ್ರೆ ನಿಲ್ಲಿಸುವುದು ಸೋಂಕು ಮರಳಲು ಇನ್ನೊಂದು ಸಾಮಾನ್ಯ ಕಾರಣ. ನಿಲ್ಲಿಸುವ ದಿನವನ್ನು ವೈದ್ಯರು ಚರ್ಮವನ್ನು ಮತ್ತೊಮ್ಮೆ ನೋಡಿ ಹೇಳಬೇಕು, ಮಾತ್ರೆಯ ಪಟ್ಟಿ ಖಾಲಿಯಾಗುವುದು ಹೇಳಬಾರದು.

ಮೂರನೆಯ ಹೆಜ್ಜೆ: ಆಹಾರದ ಪರೀಕ್ಷೆ

ಪರೋಪಜೀವಿಗಳು ಹೋಗಿ, ಸೋಂಕು ಇಳಿದು, ಅಂಕ ಇನ್ನೂ 5ರ ಮೇಲೆಯೇ ನಿಂತಿದ್ದರೆ, ಅದರಲ್ಲೂ ಎಲ್ಲ ಋತುಗಳಲ್ಲೂ ಒಂದೇ ಸಮ ಇದ್ದರೆ, ಆಹಾರದ ಪ್ರಶ್ನೆ ಎತ್ತಬೇಕು. ಪದೇ ಪದೇ ಸಡಿಲ ಮಲ, ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೊರಗೆ ಹೋಗುವುದು, ಹೊಟ್ಟೆಯುಬ್ಬರ ಜೊತೆಗಿದ್ದರೆ ಸಂಶಯ ಬಲಗೊಳ್ಳುತ್ತದೆ. ರಕ್ತ, ಜೊಲ್ಲು, ಕೂದಲಿನ ಮಾದರಿ ಕಳುಹಿಸಿ ಮಾಡಿಸುವ ಆಹಾರ ಅಲರ್ಜಿ ಪರೀಕ್ಷೆಗಳು ಉದ್ದನೆಯ ಪಟ್ಟಿ ಕೊಡುತ್ತವೆ, ಆದರೆ ಅವನ್ನು ನಂಬಿ ಬಟ್ಟಲು ತುಂಬುವಂತಿಲ್ಲ. ನಂಬಬಹುದಾದ ದಾರಿ ಒಂದೇ: ಸಂಶಯದ ಆಹಾರವನ್ನು ಪೂರ್ತಿ ತೆಗೆದು, ಕಾದು, ಮತ್ತೆ ಕೊಟ್ಟು ನೋಡುವುದು.

ಅಲರ್ಜಿ ಬರುವುದು ಹೊಸ ಆಹಾರಕ್ಕೆ ಎಂಬ ತಿಳುವಳಿಕೆ ವ್ಯಾಪಕವಾಗಿದೆ, ವಾಸ್ತವ ಅದಕ್ಕೆ ವಿರುದ್ಧ. ದೇಹ ವರ್ಷಗಟ್ಟಲೆ ಪರಿಚಯವಿದ್ದ ಪ್ರೋಟೀನಿನ ಮೇಲೆಯೇ ತಿರುಗಿಬೀಳುತ್ತದೆ. ಆಹಾರ ಅಲರ್ಜಿ ದೃಢಪಟ್ಟ 297 ನಾಯಿಗಳ ದಾಖಲೆಗಳನ್ನು ಒಟ್ಟುಮಾಡಿ 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ದನದ ಮಾಂಸ 34 ಶೇಕಡ, ಹಾಲಿನ ಪದಾರ್ಥಗಳು 17, ಕೋಳಿ 15, ಗೋಧಿ 13 ಶೇಕಡ ನಾಯಿಗಳಿಗೆ ಒಗ್ಗದೆ ಬಂದಿದ್ದವು. ಧಾನ್ಯವನ್ನೇ ಅಪರಾಧಿಯೆಂದು ನಿಲ್ಲಿಸಿ ಧಾನ್ಯರಹಿತ ಆಹಾರಕ್ಕೆ ಜಿಗಿಯುವುದು ಆದ್ದರಿಂದ ಅರ್ಥಹೀನ. ಆ ಚೀಲದೊಳಗೆ ಅದೇ ಕೋಳಿ ಇದ್ದರೆ ಬದಲಾದದ್ದು ಚೀಲ ಮಾತ್ರ.

ಪರೀಕ್ಷೆಗೆ ಎರಡು ಬಗೆಯ ಆಹಾರ ಸಲ್ಲುತ್ತದೆ. ಒಂದು, ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯದಷ್ಟು ಚೂರುಚೂರಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರ, ಇದನ್ನು ವೈದ್ಯರ ಸಲಹೆಯಂತೆ ಕೊಡಬೇಕು. ಇನ್ನೊಂದು, ನಾಯಿ ಜನ್ಮದಲ್ಲಿ ತಿಂದಿರದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟ ಮಾತ್ರ ಇರುವ ಮನೆಯಡುಗೆ. ಎರಡನೆಯದು ಕೆಲವು ವಾರಗಳ ಪರೀಕ್ಷೆಗೆ ಸಾಕಾದರೂ ಸಮತೋಲನದ ಆಹಾರವಲ್ಲ. ಕ್ಯಾಲ್ಸಿಯಂ, ಸತು, ಜೀವಸತ್ವಗಳು ಅದರಲ್ಲಿ ಸಾಲುವುದಿಲ್ಲ, ಬೆಳೆಯುವ ಮರಿಗೆ ಹಾಗೆ ಕೊಡಲೇಬಾರದು. ಸಾಮಾನ್ಯ ಮಾರಾಟದ “ಒಂದೇ ಪ್ರೋಟೀನು” ಎಂಬ ಚೀಲಗಳಲ್ಲಿ ಹೆಸರಿಸದ ಬೇರೆ ಪ್ರೋಟೀನುಗಳು ಪರೀಕ್ಷೆಗಳಲ್ಲಿ ಪದೇ ಪದೇ ಸಿಕ್ಕಿರುವುದರಿಂದ ಈ ಕೆಲಸಕ್ಕೆ ಅವು ಬೇಡ. ಹಳೆಯದರಿಂದ ಹೊಸದಕ್ಕೆ 5ರಿಂದ 7 ದಿನಗಳಲ್ಲಿ ನಿಧಾನವಾಗಿ ದಾಟಿಸಿದರೆ ಹೊಟ್ಟೆ ಕೆಡುವುದಿಲ್ಲ. ಎಣಿಕೆ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ.

ಎಷ್ಟು ದಿನ? ಆಹಾರ ಅಲರ್ಜಿ ಇರುವ ನಾಯಿಗಳಲ್ಲಿ 80 ಶೇಕಡಕ್ಕಿಂತ ಹೆಚ್ಚು 5 ವಾರಗಳೊಳಗೆ, 90 ಶೇಕಡಕ್ಕಿಂತ ಹೆಚ್ಚು 8 ವಾರಗಳೊಳಗೆ ಸುಧಾರಿಸುತ್ತವೆ. ಹಾಗಾಗಿ 8 ವಾರ. ಎರಡು ವಾರಕ್ಕೆ ಕೈಚೆಲ್ಲಿದ ಪ್ರಯೋಗ ನಡೆದೇ ಇಲ್ಲವೆಂದು ಭಾವಿಸಬೇಕು. ಮೊದಲ ಕೆಲವು ವಾರ ತುರಿಕೆ ಅಸಹನೀಯವಾಗಿದ್ದರೆ ವೈದ್ಯರು ತುರಿಕೆಯ ಮಾತ್ರೆ ಕೊಡಬಹುದು, ಆದರೆ ಕೊನೆಯ ಎರಡು ವಾರವಾದರೂ ಅದಿಲ್ಲದೆ ಅಂಕ ನೋಡಬೇಕು.

ಪರೀಕ್ಷೆ ಸೋಲುವುದು ಬಟ್ಟಲಿನಲ್ಲಲ್ಲ, ಬಟ್ಟಲಿನ ಹೊರಗೆ. ನಮ್ಮ ನಾಯಿಯ ಅಂಕ 8ರಿಂದ ಇಳಿಯುತ್ತ ಐದನೆಯ ವಾರಕ್ಕೆ 3ಕ್ಕೆ ಬಂದಿತ್ತು. ಒಂದು ಸಂಜೆ ಅದು ಮತ್ತೆ ಕಿವಿ ಕೆರೆಯಲು ಶುರುಮಾಡಿ, ಎರಡು ದಿನದಲ್ಲಿ ಅಂಕ 6ಕ್ಕೆ ಹಾರಿತು. ಊಟದಲ್ಲಿ ಬದಲಾವಣೆಯಿರಲಿಲ್ಲ, ಮನೆಯವರೆಲ್ಲ ಆಣೆ ಮಾಡಿ ಹೇಳಿದರು. ನೋಟ್‌ಬುಕ್ಕಿನ ಪುಟ ತಿರುವಿದಾಗ ಹಿಂದಿನ ಬೆಳಿಗ್ಗೆಯ ಸಾಲಿನಲ್ಲಿ ನನ್ನದೇ ಕೈಬರಹ ಸಿಕ್ಕಿತು: “ತಿಂಗಳ ಚಿಗಟದ ಮಾತ್ರೆ ಕೊಟ್ಟಿದೆ, ಖುಷಿಯಿಂದ ಅಗಿದು ತಿಂದಿತು.” ನಾಯಿ ಮಾತ್ರೆಯನ್ನು ಖುಷಿಯಿಂದ ತಿನ್ನುವುದು ಅದಕ್ಕೆ ಮಾಂಸದ ರುಚಿ ಕಟ್ಟಿರುವುದರಿಂದ ಎಂಬುದು ಆವರೆಗೆ ಹೊಳೆದಿರಲಿಲ್ಲ. ಮುಂದಿನ ತಿಂಗಳು ಬೆನ್ನಿಗೆ ಬಿಡುವ ಹನಿಮದ್ದಿಗೆ ಬದಲಾಯಿಸಿದೆವು, ಅಂಕ ಏರಲಿಲ್ಲ. ಮಾತ್ರೆಯನ್ನು ಸುತ್ತಿಕೊಡುವ ತುತ್ತು, ಜೆಲಟಿನ್ ಕ್ಯಾಪ್ಸೂಲ್, ನಾಯಿಯ ಟೂತ್‌ಪೇಸ್ಟ್, ಅಗಿಯುವ ಚರ್ಮದ ತುಂಡು, ಬೆಕ್ಕಿನ ತಟ್ಟೆ, ಮಗುವಿನ ಕುರ್ಚಿಯ ಕೆಳಗೆ ಉದುರಿದ್ದು, ನಡೆದಾಡುವಾಗ ದಾರಿಯಲ್ಲಿ ಹೆಕ್ಕಿದ್ದು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಬಹುಮಾನದ ತಿನಿಸು ಬೇಕೆಂದರೆ ಅದೇ ಪರೀಕ್ಷೆಯ ಆಹಾರದಿಂದ ಒಂದು ಹಿಡಿ ಬೆಳಿಗ್ಗೆಯೇ ತೆಗೆದಿಟ್ಟುಕೊಂಡು ದಿನವಿಡೀ ಕೊಡಬಹುದು.

8 ವಾರಕ್ಕೆ ಅಂಕ ಇಳಿದಿದ್ದರೆ ಹಿಗ್ಗಿ ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಋತು ಬದಲಾದದ್ದರಿಂದಲೂ, ಶಾಂಪೂವಿನಿಂದಲೂ, ಚಿಗಟ ಕಡಿಮೆಯಾದದ್ದರಿಂದಲೂ ಅಂಕ ಇಳಿದಿರಬಹುದು. ಹಳೆಯ ಆಹಾರವನ್ನು ಮತ್ತೆ ಕೊಟ್ಟು 14 ದಿನ ನೋಡಬೇಕು. ತುರಿಕೆ ಕೆಲವು ಗಂಟೆಗಳಲ್ಲೋ, ಎರಡು ವಾರದೊಳಗೋ ಮರಳಿದರೆ, ಪರೀಕ್ಷೆಯ ಆಹಾರಕ್ಕೆ ಹಿಂದಿರುಗಿದಾಗ ಮತ್ತೆ ಇಳಿದರೆ, ಆಗ ಮಾತ್ರ ಆಹಾರ ಅಲರ್ಜಿ ಸಾಬೀತು. ಆಮೇಲೆ ಒಂದೊಂದೇ ಪದಾರ್ಥವನ್ನು ಒಂದೆರಡು ವಾರದ ಅಂತರದಲ್ಲಿ ಸೇರಿಸುತ್ತ ಯಾವುದು ಒಗ್ಗದೆಂದು ಪತ್ತೆಮಾಡಬೇಕು. ವಾಸಿಯಾದ ನಾಯಿಗೆ ತಿಳಿದೂ ತಿಳಿದೂ ತುರಿಕೆ ತರಿಸುವುದು ಮನಸ್ಸಿಗೆ ಕಷ್ಟವೇ, ಆದರೆ ಅದಿಲ್ಲದೆ ಬದುಕಿಡೀ ದುಬಾರಿ ಪಥ್ಯದಲ್ಲಿಡುವುದಕ್ಕೆ ಆಧಾರವೇ ಇರುವುದಿಲ್ಲ.

ಅಲರ್ಜಿಯಲ್ಲದ ಆಹಾರದೋಷಗಳೂ ಇವೆ. ಕೊಬ್ಬು ತೀರಾ ಕಡಿಮೆಯಾದರೆ ಲಿನೊಲೀಕ್ ಆಮ್ಲದ ಕೊರತೆಯಿಂದ ತುಪ್ಪಳ ಹೊಳಪು ಕಳೆದು ಹೊಟ್ಟು ಉದುರುತ್ತದೆ. ಹಸ್ಕಿ, ಮಲಮ್ಯೂಟ್ ತಳಿಗಳಲ್ಲಿ ಸತುವಿನ ಹೀರಿಕೆ ಕಡಿಮೆಯಾಗಿ ಕಣ್ಣು ಬಾಯಿಗಳ ಸುತ್ತ ಹಕ್ಕಳೆ ಕಟ್ಟಬಹುದು. ಮೀನೆಣ್ಣೆಯ ಒಮೆಗಾ-3 ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತದೆ, ಫಲ ಕಾಣಲು 8ರಿಂದ 12 ವಾರ ಬೇಕು, ಹೆಚ್ಚಾದರೆ ಭೇದಿಯಾಗುತ್ತದೆ. ಆಹಾರದ ಪರೀಕ್ಷೆ ನಡೆಯುತ್ತಿರುವಾಗ ಅದನ್ನು ಹೊಸದಾಗಿ ಸೇರಿಸಬಾರದು. ಒಮ್ಮೆಗೆ ಒಂದೇ ಬದಲಾವಣೆ. ಮನೆಯಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಎಂದಿಗೂ ಇರಬಾರದು.

ಆಹಾರವಲ್ಲವೆಂದಾದರೆ

ಪರೀಕ್ಷೆ ಶುದ್ಧವಾಗಿ ನಡೆದೂ ಅಂಕ ಇಳಿಯದಿದ್ದರೆ, ತುರಿಕೆ 6 ತಿಂಗಳಿಂದ 3 ವರ್ಷದ ನಡುವಿನ ವಯಸ್ಸಿನಲ್ಲಿ ಶುರುವಾಗಿದ್ದರೆ, ಉಳಿಯುವುದು ಹೆಚ್ಚಾಗಿ ಧೂಳಿನ ನುಸಿ, ಪರಾಗ, ಬೂಷ್ಟುಗಳಿಗೆ ಸಂಬಂಧಿಸಿದ ಅಟೋಪಿಕ್ ಚರ್ಮರೋಗ. ಇದನ್ನು ತೋರಿಸಿಕೊಡುವ ಒಂದೇ ಪರೀಕ್ಷೆಯಿಲ್ಲ, ಉಳಿದವುಗಳನ್ನು ಕಳೆದಾಗ ಉಳಿದದ್ದೇ ಇದು. ಅಲರ್ಜಿಯ ರಕ್ತ ಅಥವಾ ಚರ್ಮದ ಪರೀಕ್ಷೆ ಇಲ್ಲಿ ಪ್ರಯೋಜನಕ್ಕೆ ಬರುವುದು ಕಾಯಿಲೆಯನ್ನು ಗುರುತಿಸಲು ಅಲ್ಲ, ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಇಮ್ಯುನೊಥೆರಪಿಯ ಚುಚ್ಚುಮದ್ದಿನಲ್ಲಿ ಏನು ಸೇರಿಸಬೇಕೆಂದು ನಿರ್ಧರಿಸಲು. ಒಕ್ಲಾಸಿಟಿನಿಬ್ ಮಾತ್ರೆ ಬೇಗ ತುರಿಕೆ ಇಳಿಸುತ್ತದೆ, ಒಂದು ವರ್ಷದೊಳಗಿನ ಮರಿಗೆ ಸಲ್ಲದು. ತುರಿಕೆ ತಗ್ಗಿಸುವ ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದಿನ ಪರಿಣಾಮ 4ರಿಂದ 8 ವಾರ ಇರುತ್ತದೆ. ಸ್ಟೀರಾಯ್ಡ್ ಬಾಯಾರಿಕೆ, ಹಸಿವು, ತೂಕಗಳನ್ನು ಏರಿಸುತ್ತದೆ, ಬಹುದಿನ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸಬಾರದು. ಈ ಕಾಯಿಲೆ ವಾಸಿಯಾಗುವುದಿಲ್ಲ, ಹತೋಟಿಯಲ್ಲಿರುತ್ತದೆ. ಹೊರಗಿನಿಂದ ಬಂದಾಗ ಪಾದ ಹೊಟ್ಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಹಾಸಿಗೆ ಒಗೆಯುವುದು, ನಿಯಮಿತ ಸ್ನಾನ ಇವು ಔಷಧದ ಪ್ರಮಾಣವನ್ನು ಇಳಿಸಲು ನೆರವಾಗುತ್ತವೆ.

ನಡುವಯಸ್ಸಿನ ನಾಯಿ ಹೆಚ್ಚು ತುರಿಸಿಕೊಳ್ಳದೆಯೇ ಎರಡೂ ಪಕ್ಕೆಗಳಲ್ಲಿ ಸಮನಾಗಿ ಬೋಳಾಗುತ್ತ, ಮಂಕಾಗಿ ತೂಕ ಏರುತ್ತಿದ್ದರೆ ಥೈರಾಯ್ಡ್ ಹಾರ್ಮೋನಿನ ಕೊರತೆ. ಅತಿಯಾಗಿ ನೀರು ಕುಡಿದು, ಏದುಸಿರು ಬಿಟ್ಟು, ಹೊಟ್ಟೆ ಜೋತಿದ್ದರೆ ಕಾರ್ಟಿಸೋಲ್ ಹಾರ್ಮೋನು ಮಿತಿಮೀರುವ ಕುಶಿಂಗ್ ಕಾಯಿಲೆ. ಎರಡಕ್ಕೂ ರಕ್ತಪರೀಕ್ಷೆ ಬೇಕು, ಸ್ಟೀರಾಯ್ಡ್ ಆ ಪರೀಕ್ಷೆಗಳನ್ನು ಕೆಡಿಸುವುದರಿಂದ ಹಿಂದಿನ ತಿಂಗಳುಗಳ ಔಷಧದ ಪಟ್ಟಿಯನ್ನು ವೈದ್ಯರ ಮುಂದಿಡಬೇಕು. ಜ್ವರ, ಊಟ ಬಿಡುವುದು, ಗಂಟೆಗಳಲ್ಲಿ ಹರಡುವ ರಸಿಕೆಯ ಗಾಯ, ಮುಖ ಊದಿಕೊಳ್ಳುವುದು, ಮರಿಯ ಮೂತಿ ಬಾತುಕೊಂಡು ಕೀವು ಸೋರುವುದು, ಇವುಗಳಲ್ಲಿ ಯಾವುದು ಕಂಡರೂ ಈ ಯಾವ ಕ್ರಮಕ್ಕೂ ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು.

ಪಥ್ಯದಲ್ಲಿ ಸುಖವಾಗಿದ್ದ ನಮ್ಮ ನಾಯಿ ಹದಿನಾಲ್ಕು ತಿಂಗಳ ನಂತರ ಮತ್ತೆ ಕೆರೆದುಕೊಂಡಿತು. ಯಾರೋ ಏನನ್ನೋ ತಿನ್ನಿಸಿರಬೇಕೆಂದು ಮನೆಯಲ್ಲಿ ವಿಚಾರಣೆ ನಡೆಯಿತು. ಒದ್ದೆ ಕಾಗದದ ಮೇಲೆ ಬಾಚಣಿಗೆ ಕೊಡವಿದಾಗ ಏಳು ಚುಕ್ಕಿಗಳು ತುಕ್ಕಿನ ಬಣ್ಣಕ್ಕೆ ಹರಡಿದವು. ಹನಿಮದ್ದು ಬಿಟ್ಟು ಎರಡು ತಿಂಗಳಾಗಿತ್ತು.